ಗೋಪುರದಲ್ಲಿ ಆಡದೆ ಉಳಿದ ಮಾತು

ಜಯನಗರದ ಒಂದು ಮನೆಯ ವರಾಂಡ, ಭಾನುವಾರದ ಸಂಜೆ. ಮಾತಾಡುತ್ತಿರುವವರು ಇಬ್ಬರು. ಒಬ್ಬರು ವಾಯು ಸಂಚಾರ ನಿಯಂತ್ರಣದಲ್ಲಿ ಆಯುಷ್ಯದ ಬಹುಪಾಲು ಕಳೆದು ನಿವೃತ್ತರಾದವರು. ಇನ್ನೊಬ್ಬಳು ಅವರ ಅಕ್ಕನ ಮಗಳು, ಪೈಲಟ್ ಲೈಸೆನ್ಸಿಗೆ ಓದುತ್ತಿರುವವಳು. ಬಿಟಿಎಂ ಲೇಔಟಿನಲ್ಲಿ ತರಗತಿ ಮುಗಿಸಿಕೊಂಡು ನೇರವಾಗಿ ಮಾಮನ ಮನೆಗೆ ಬಂದಿದ್ದಾಳೆ.

ಹುಡುಗಿ: ಮಾಮ, ರೇಡಿಯೊ ಲೈಸೆನ್ಸಿನ ಆರ್‌ಟಿಆರ್ ಪರೀಕ್ಷೆ ಹತ್ತಿರ ಬಂತು. ವಿಮಾನ ಹಾರಿಸೋದಕ್ಕಿಂತ ರೇಡಿಯೊದಲ್ಲಿ ಮಾತಾಡೋದೇ ಕಷ್ಟ ಅನ್ನಿಸ್ತಿದೆ. ಟವರ್‌ನವರು ಏನು ಹೇಳ್ತಾರೋ ಅದನ್ನೇ ತಿರುಗಿ ಹೇಳಬೇಕು. ರನ್‌ವೇ ಅಂದ್ರೆ ರನ್‌ವೇ, ಹೆಡಿಂಗ್ ಅಂದ್ರೆ ಹೆಡಿಂಗ್. ಬರೀ ಗಿಳಿಪಾಠ ಅಲ್ವಾ ಇದು?

ಮಾಮ: ಗಿಳಿಪಾಠ ಅಂತ ಮಾತ್ರ ಅನ್ನಬೇಡ ಪುಟ್ಟಿ. 1989ರ ಫೆಬ್ರವರಿ 19ರಂದು ಫ್ಲೈಯಿಂಗ್ ಟೈಗರ್ ಕಂಪನಿಯ ಒಂದು ಸರಕು ವಿಮಾನ, ಬೋಯಿಂಗ್ 747, ಸಿಂಗಪುರದಿಂದ ಕೌಲಾಲಂಪುರಕ್ಕೆ ಬರ್ತಿತ್ತು. ಅದನ್ನು 2400 ಅಡಿಗೆ ಇಳಿಸಬೇಕಿತ್ತು. ಕಂಟ್ರೋಲರ್ 'ಡಿಸೆಂಡ್ ಟೂ ಫೋರ್ ಝೀರೋ ಝೀರೋ' ಅಂದ್ರು. ಅವರು ಹೇಳಿದ 'ಟೂ' ಎರಡು ಅನ್ನೋ ಅಂಕಿ. ಕಾಕ್‌ಪಿಟ್‌ನಲ್ಲಿ ಇದ್ದವರಿಗೆ ಅದು '400 ಅಡಿಗೆ ಇಳೀರಿ' ಅಂತ ಕೇಳಿಸ್ತು. ಅವರು ಸುಮ್ಮನಿರಲಿಲ್ಲ, 'ಓಕೆ, ಫೋರ್ ಝೀರೋ ಝೀರೋ' ಅಂತ ತಿರುಗಿ ಹೇಳಿದ್ರು. ತಪ್ಪು ಅಲ್ಲೇ, ಕೇಳೋ ಹಾಗೆ ಬಾಯಿಂದ ಹೊರಗೆ ಬಂತು. ಹಿಡಿಯೋರು ಯಾರೂ ಇರಲಿಲ್ಲ. ವಿಮಾನ ಗುಡ್ಡಕ್ಕೆ ಬಡೀತು, ಒಳಗಿದ್ದ ನಾಲ್ಕು ಜನವೂ ತೀರಿಕೊಂಡ್ರು.

ಹುಡುಗಿ: ಅಂದ್ರೆ ಪೈಲಟ್ ತನ್ನ ಕೆಲಸ ಮಾಡಿದ್ದಾರೆ, ಕಂಟ್ರೋಲರ್ ಮಾಡಲಿಲ್ಲ.

ಮಾಮ: ಇಬ್ಬರೂ ಅರ್ಧರ್ಧ ಮಾಡಿದ್ರು. ಎತ್ತರ ಹೇಳುವಾಗ ಅಂಕಿಗೆ ಮುಂಚೆ 'ಆಲ್ಟಿಟ್ಯೂಡ್' ಅಂತ ಸೇರಿಸಿ, ಕೊನೆಗೆ 'ಫೀಟ್' ಅಂತ ಹೇಳಿದ್ದಿದ್ರೆ ಇಬ್ಬರಿಗೂ ಗೊಂದಲ ಆಗ್ತಿರಲಿಲ್ಲ. ನಾಲ್ಕನೇ ಬ್ಲಾಕಿನ ಹೋಟೆಲಲ್ಲಿ ನೀನು ಹೇಳಿದ್ದನ್ನು ಸಪ್ಲೈಯರ್ ಒಂದು ಸಲ ಒಪ್ಪಿಸ್ತಾನಲ್ಲ, 'ಎರಡು ಇಡ್ಲಿ, ಒಂದು ವಡೆ, ಸಾಂಬಾರ್ ಬೇರೆ' ಅಂತ. ನೀನು ಆಗ ಫೋನ್ ನೋಡ್ತಾ 'ಹ್ಞೂಂ' ಅಂದ್ರೆ ಅವನು ಒಪ್ಪಿಸಿದ್ದಕ್ಕೆ ಏನು ಬೆಲೆ? ರೀಡ್‌ಬ್ಯಾಕ್ ಅಂದ್ರೆ ನೀನು ಹೇಳೋದು. ಹಿಯರ್‌ಬ್ಯಾಕ್ ಅಂದ್ರೆ ನೀನು ಹೇಳಿದ್ದನ್ನು ನಾನು ಕಿವಿಗೊಟ್ಟು ಕೇಳಿ, ತಪ್ಪಿದ್ರೆ ಆ ಕ್ಷಣವೇ ತಿದ್ದೋದು. ಎರಡನೆಯದು ಬಹಳ ಕಷ್ಟ. ತಾನು ಹೇಳಿದ್ದೇ ವಾಪಸ್ ಬರ್ತಿದೆ ಅಂತ ಮನಸ್ಸು ಮೊದಲೇ ನಂಬಿರತ್ತೆ. ಏನು ಕೇಳಿಸಬೇಕು ಅಂತ ಕಾಯ್ತಾ ಇರ್ತೀವೋ ಅದೇ ಕೇಳಿಸತ್ತೆ. ಒಂದೇ ಫ್ರೀಕ್ವೆನ್ಸಿಯಲ್ಲಿ ಹತ್ತು ಹನ್ನೆರಡು ವಿಮಾನ ಇದ್ದಾಗ, ಒಬ್ಬರ ರೀಡ್‌ಬ್ಯಾಕ್ ಕೇಳ್ತಿರುವಾಗಲೇ ಮುಂದಿನವರಿಗೆ ಏನು ಹೇಳೋದು ಅಂತ ತಲೆ ಓಡ್ತಿರತ್ತೆ.

ಹುಡುಗಿ: ನಮ್ಮ ತರಗತಿಯಲ್ಲಿ ಒಬ್ಬರು, ಸರಸರ ಮಾತಾಡಿದ್ರೆ ಅನುಭವಸ್ಥರ ಹಾಗೆ ಕಾಣ್ತೀರಿ ಅಂತ ಹೇಳಿಕೊಟ್ಟರು.

ಮಾಮ: ಅದನ್ನು ಇವತ್ತೇ ಬಿಟ್ಟುಬಿಡು. ನಿಮಿಷಕ್ಕೆ ನೂರು ಪದ ಮೀರಬಾರದು ಅಂತ ಅಂತಾರಾಷ್ಟ್ರೀಯ ನಿಯಮವೇ ಇದೆ. ಇನ್ನೊಂದು ವಿಷಯ, ನಮ್ಮ ದೇಶದೊಳಗೆ ಹಾರುವ ಪ್ರಯಾಣಿಕರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಹಾರೋದು ಒಂದೇ ಕಂಪನಿಯ ವಿಮಾನಗಳಲ್ಲಿ. ಹಾಗಾಗಿ ಫ್ರೀಕ್ವೆನ್ಸಿಯಲ್ಲಿ ಕಾಲ್‌ಸೈನ್‌ನ ಮೊದಲ ಪದ ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ, ವ್ಯತ್ಯಾಸ ಇರೋದು ಕೊನೆಯ ಅಂಕಿಗಳಲ್ಲಿ. ಅವಸರ ಮಾಡಿ ಆ ಅಂಕಿಗಳನ್ನು ನುಂಗಿದ್ರೆ, ಬೇರೆಯವರಿಗೆ ಕೊಟ್ಟ ಅಪ್ಪಣೆಯನ್ನು ನೀನು ಪಾಲಿಸಿಬಿಡ್ತೀಯ.

ಹುಡುಗಿ: ಟೆನೆರೀಫ್ ದುರಂತದ ಬಗ್ಗೆ ಪಾಠದಲ್ಲಿ ಇದೆ. 1977ರ ಮಾರ್ಚ್ 27, ಮಂಜು ಕವಿದ ರನ್‌ವೇ ಮೇಲೆ ಎರಡು 747 ಡಿಕ್ಕಿ, 583 ಸಾವು. ಕೆಎಲ್‌ಎಂ ಪೈಲಟ್ ಅಪ್ಪಣೆ ಸಿಗೋ ಮುಂಚೆಯೇ ಹೊರಟುಬಿಟ್ಟರು ಅಂತ ಒಂದೇ ಸಾಲಲ್ಲಿ ಮುಗಿಸಿದ್ದಾರೆ.

ಮಾಮ: ಅದು ಒಂದು ಸಾಲಲ್ಲಿ ಮುಗಿಯೋದಲ್ಲ. ಟವರ್ ಹೇಳಿದ್ದು, ಹೊರಟ ಮೇಲೆ ಯಾವ ದಾರಿ ಹಿಡೀಬೇಕು ಅಂತ. ಅದರಲ್ಲಿ 'ಟೇಕಾಫ್' ಅನ್ನೋ ಪದ ಬಂದಿತ್ತು. ಕೆಎಲ್‌ಎಂ ಕಾಕ್‌ಪಿಟ್ ಅದನ್ನೇ ಹೊರಡೋ ಅಪ್ಪಣೆ ಅಂದುಕೊಂಡಿತು, ಟೇಕಾಫ್‌ನಲ್ಲಿದ್ದೀವಿ ಅನ್ನೋ ಅರ್ಥದ ಒಂದು ಅಸ್ಪಷ್ಟ ಮಾತು ಹೇಳ್ತು. ಟವರ್ ಮೊದಲು 'ಓಕೆ' ಅಂದು, ಆಮೇಲೆ ಕಾಯಿರಿ ಅಂತ ಹೇಳ್ತು. ಅದೇ ಗಳಿಗೆಗೆ ಇನ್ನೊಂದು ವಿಮಾನದವರು, ಪ್ಯಾನ್‌ಆಮ್‌ನವರು, ನಾವಿನ್ನೂ ರನ್‌ವೇ ಮೇಲೆ ಇದ್ದೀವಿ ಅಂತ ಮಾತಾಡಿದ್ರು. ಎರಡು ದನಿ ಒಟ್ಟಿಗೆ ಬಿದ್ದು ಕೆಎಲ್‌ಎಂ ಕಿವಿಗೆ ಕೀ ಅನ್ನೋ ಸದ್ದು ಮಾತ್ರ ಬಂತು. ಅವತ್ತಿನಿಂದ ಒಂದು ಕಟ್ಟುನಿಟ್ಟು ಬಂತು: 'ಟೇಕಾಫ್' ಅನ್ನೋ ಪದವನ್ನು ಹೊರಡೋ ಅಪ್ಪಣೆ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಬಾಯಿಂದ ತೆಗೀಬೇಕು, ಉಳಿದ ಕಡೆಯೆಲ್ಲ 'ಡಿಪಾರ್ಚರ್'. ಆದರೆ ನನ್ನನ್ನು ಕಾಡೋದು ಬೇರೆ. ಆ ಕಾಕ್‌ಪಿಟ್‌ನಲ್ಲಿದ್ದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದಿತ್ತು. ಪ್ಯಾನ್‌ಆಮ್ ಇನ್ನೂ ರನ್‌ವೇ ಬಿಟ್ಟಿಲ್ವಾ ಅಂತ ಕೇಳಿದ್ರು. ಬಿಟ್ಟಿದೆ ಅಂತ ಕ್ಯಾಪ್ಟನ್ ಖಡಕ್ಕಾಗಿ ಹೇಳಿದ ಮೇಲೆ ಸುಮ್ಮನಾದ್ರು.

ಹುಡುಗಿ: ಇವೆಲ್ಲ ಹೊರದೇಶದ್ದು ಮಾಮ, ಹಳೇ ಕಾಲದ್ದು. ಈಗ ರೇಡಾರ್ ಇದೆ, ಡಿಕ್ಕಿ ತಪ್ಪಿಸೋ ಟಿಕ್ಯಾಸ್ ಇದೆ. ನಮ್ಮೂರಲ್ಲಿ ಹೀಗೆಲ್ಲ ಆಗತ್ತಾ?

ಮಾಮ: ನಮ್ಮೂರಲ್ಲೇ ಆಯ್ತು. 2022ರ ಜನವರಿ 7, ಬೆಳಗ್ಗೆ, ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ. ಅಲ್ಲಿ ಉತ್ತರದ ರನ್‌ವೇ, ದಕ್ಷಿಣದ ರನ್‌ವೇ ಅಂತ ಎರಡು ಇವೆ, ಒಂದಕ್ಕೊಂದು ಸಮಾನಾಂತರ. ಎರಡನೆಯದು ಶುರುವಾಗಿದ್ದು 2019ರ ಡಿಸೆಂಬರ್‌ನಲ್ಲಿ. ಒಂದೊಂದು ರನ್‌ವೇಗೂ ಬೇರೆ ಬೇರೆ ಟವರ್ ಕಂಟ್ರೋಲರ್. ಅವತ್ತು ಉತ್ತರದಿಂದ ವಿಮಾನ ಹೊರಡ್ತಿದ್ವು, ದಕ್ಷಿಣದಲ್ಲಿ ಇಳೀತಿದ್ವು. ನಡುವೆ ಶಿಫ್ಟ್ ಇನ್‌ಚಾರ್ಜ್ ಒಂದು ತೀರ್ಮಾನ ತಗೊಂಡ್ರು: ದಕ್ಷಿಣದ್ದನ್ನು ಮುಚ್ಚೋಣ, ಹೊರಡೋದು ಇಳಿಯೋದು ಎರಡೂ ಉತ್ತರದಲ್ಲೇ ಆಗಲಿ ಅಂತ. ತೀರ್ಮಾನದಲ್ಲಿ ತಪ್ಪೇನಿಲ್ಲ, ದಿನಾ ಆಗೋ ಬದಲಾವಣೆ. ಆದರೆ ಅದು ದಕ್ಷಿಣದ ಟವರ್ ಕಂಟ್ರೋಲರ್‌ಗೆ ತಲುಪಲೇ ಇಲ್ಲ.

ಹುಡುಗಿ: ಅವರು ತಮ್ಮ ರನ್‌ವೇ ತೆರೆದಿದೆ ಅಂತಲೇ ಅಂದುಕೊಂಡಿದ್ರಾ?

ಮಾಮ: ಹೌದು. ಕೋಲ್ಕತ್ತಕ್ಕೆ ಹೋಗಬೇಕಿದ್ದ ಇಂಡಿಗೊ ವಿಮಾನಕ್ಕೆ ದಕ್ಷಿಣದಿಂದ ಹೊರಡೋಕೆ ಅಪ್ಪಣೆ ಕೊಟ್ರು. ಅದೇ ಹೊತ್ತಿಗೆ ಉತ್ತರದ ಕಂಟ್ರೋಲರ್ ಭುವನೇಶ್ವರದ ಇಂಡಿಗೊ ವಿಮಾನಕ್ಕೆ ಅಪ್ಪಣೆ ಕೊಟ್ರು. ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಎರಡೂ ವಿಮಾನ ಮೇಲೇರಿ, ಒಂದಕ್ಕೊಂದು ಹತ್ತಿರ ಬರೋ ದಿಕ್ಕು ಹಿಡಿದ್ವು. ಎರಡರಲ್ಲೂ ಸೇರಿ ಸಿಬ್ಬಂದಿ ಸಮೇತ 426 ಜನ. ಅಪ್ರೋಚ್ ರೇಡಾರ್‌ನಲ್ಲಿ ಕೂತಿದ್ದ ಕಂಟ್ರೋಲರ್ ಪರದೆ ಮೇಲೆ ಇದನ್ನು ಕಂಡು, ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ರು. ಆ ಒಬ್ಬರು ಎಚ್ಚರವಾಗಿದ್ದದ್ದಕ್ಕೆ ಅಷ್ಟೂ ಜನ ಉಳಿದ್ರು.

ಹುಡುಗಿ: ಒಂದು ನಿಮಿಷ. ಹಾಗಾದ್ರೆ ಅಲ್ಲಿ ಪೈಲಟ್‌ಗಳು ಯಾವುದನ್ನೂ ತಪ್ಪಾಗಿ ಕೇಳಿಸಿಕೊಂಡಿಲ್ಲ. ದಕ್ಷಿಣದವರಿಗೆ ಸಿಕ್ಕ ಅಪ್ಪಣೆ ಹೊರಡಿ ಅಂತ, ಉತ್ತರದವರಿಗೂ ಹೊರಡಿ ಅಂತ. ಇಬ್ಬರೂ ಅದನ್ನೇ ಮಾಡಿದ್ರು. ನಾನು ಬಾಯಿಪಾಠ ಮಾಡ್ತಿರೋ ಈ ಪುಸ್ತಕದ ಪ್ರಕಾರ ನೋಡಿದ್ರೆ ಇಬ್ಬರಿಗೂ ಪೂರ್ತಿ ಅಂಕ.

ಮಾಮ: ಅದೇ ನಾನು ಹೇಳಬೇಕು ಅಂದುಕೊಂಡಿದ್ದು. ಪೈಲಟ್ ಮತ್ತು ಕಂಟ್ರೋಲರ್ ನಡುವಿನ ತಪ್ಪು ಮಾತು ಅಂದ ಕೂಡಲೇ ನಾವು ಉಚ್ಚಾರ, ಇಂಗ್ಲಿಷು, ರೇಡಿಯೊ ಗರಗರ ಅಂತ ಹುಡುಕ್ತೀವಿ. ಬೆಂಗಳೂರಿನಲ್ಲಿ ರೇಡಿಯೊ ಮೇಲೆ ಆಡಿದ ಮಾತಿನಲ್ಲಿ ಎಡವಟ್ಟಾಗಲಿಲ್ಲ. ನೆಲದ ಮೇಲೆ, ಒಂದೇ ಪಾಳಿಯ ಜನರ ನಡುವೆ ಒಂದು ಮಾತು ಆಡದೆ ಉಳಿಯಿತು. 'ದಕ್ಷಿಣ ಮುಚ್ಚಿದೆ' ಅನ್ನೋ ಎರಡೇ ಪದ. ಪೈಲಟ್‌ಗೆ ರೀಡ್‌ಬ್ಯಾಕ್ ಕಡ್ಡಾಯ ಮಾಡೋ ನಾವು, ನಮ್ಮ ನಮ್ಮೊಳಗಿನ ಹಸ್ತಾಂತರದಲ್ಲೂ ಅಷ್ಟೇ ಕಟ್ಟುನಿಟ್ಟು ಇಟ್ಟುಕೊಳ್ಳಬೇಕು. ರನ್‌ವೇ ಬದಲಾಯಿತು ಅಂತ ಹೇಳಿದವರು, ಆ ಕಡೆಯವರ ಬಾಯಿಂದ ಅದೇ ಮಾತು ವಾಪಸ್ ಬರೋವರೆಗೂ ಕೆಲಸ ಮುಗೀತು ಅಂದುಕೊಳ್ಳಬಾರದು.

ಹುಡುಗಿ: ಈಗ ಡೇಟಾಲಿಂಕ್ ಬಂದಿದೆಯಲ್ಲ ಮಾಮ, ಅಪ್ಪಣೆ ಅಕ್ಷರದಲ್ಲಿ ಪರದೆ ಮೇಲೇ ಬರತ್ತೆ. ಎಲ್ಲವನ್ನೂ ಹಾಗೇ ಮಾಡಿಬಿಟ್ರೆ?

ಮಾಮ: ಸಮುದ್ರದ ಮೇಲೆ ಹಾರುವಾಗ ಅದು ದೊಡ್ಡ ಅನುಕೂಲ. ಆದರೆ ಇಳಿಯೋಕೆ ಎರಡು ನಿಮಿಷ ಇರುವಾಗ ಅಕ್ಷರ ಓದ್ತಾ ಕೂರೋಕೆ ಆಗಲ್ಲ. ಇನ್ನೊಂದು ನಷ್ಟವೂ ಇದೆ. ದನಿಯಲ್ಲಿ ಮಾತಾಡಿದ್ರೆ ಆ ಫ್ರೀಕ್ವೆನ್ಸಿಯಲ್ಲಿ ಇರೋ ಎಲ್ಲರೂ ಕೇಳಿಸಿಕೊಳ್ತಾರೆ. ಮುಂದಿರೋ ವಿಮಾನ ಎಲ್ಲಿದೆ, ಯಾರು ಇಳೀತಿದ್ದಾರೆ ಅಂತ ಪ್ರತಿಯೊಬ್ಬ ಪೈಲಟ್‌ನ ತಲೆಯಲ್ಲೂ ಒಂದು ಚಿತ್ರ ಮೂಡ್ತಾ ಇರತ್ತೆ. ವಿಮಾನದ ರೇಡಿಯೊ ಇವತ್ತಿಗೂ ಎಎಂನಲ್ಲೇ ಇರೋದಕ್ಕೆ ಒಂದು ಒಳ್ಳೆ ಕಾರಣ ಇದೆ, ನೆನಪಿಟ್ಟುಕೋ, ಪರೀಕ್ಷೆಯಲ್ಲೂ ಕೇಳಬಹುದು. ಎಫ್‌ಎಂ ಆದ್ರೆ ಜೋರಾದ ದನಿ ಮೆಲ್ಲನೆಯದನ್ನು ಪೂರ್ತಿ ನುಂಗಿಹಾಕತ್ತೆ, ಎರಡನೆಯವರು ಮಾತಾಡಿದ್ರು ಅಂತಲೇ ಗೊತ್ತಾಗಲ್ಲ. ಎಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದ್ರೆ ಕೀರಲು ಸದ್ದಾದರೂ ಬರತ್ತೆ. ಬಂದಾಗ ಕೇಳಬೇಕು, 'ಸೇ ಅಗೇನ್' ಅಂತ. ಎಷ್ಟು ಸಲ ಬೇಕಾದ್ರೂ ಕೇಳು. ನಾಚಿಕೆ ಪಡಬೇಡ.

ಹುಡುಗಿ: ಎಲ್ಲರಿಗೂ ಕೇಳಿಸಬೇಕು ಅಂದ್ರೆ ಎಲ್ಲರಿಗೂ ಅರ್ಥವೂ ಆಗಬೇಕು. ಅದಕ್ಕೇ ಇಂಗ್ಲಿಷ್ ಅಲ್ವಾ?

ಮಾಮ: ಹೌದು, ಅದಕ್ಕೇ. ಅದರ ಬೆಲೆ ನಮಗೆ ಗೊತ್ತಾಗಿದ್ದು 1996ರ ನವೆಂಬರ್ 12ರಂದು, ದೆಹಲಿ ಹತ್ತಿರದ ಚರ್ಖಿ ದಾದ್ರಿಯಲ್ಲಿ. ಸೌದಿಯ 747 ಮೇಲೇರ್ತಿತ್ತು, ಅದನ್ನು 14,000 ಅಡಿಯಲ್ಲಿ ನಿಲ್ಲಿಸಿದ್ರು. ಕಜಕಿಸ್ತಾನದ ಇಲ್ಯುಷಿನ್ ಇಳೀತಿತ್ತು, ಅದು 15,000ದಲ್ಲಿ ನಿಲ್ಲಬೇಕಿತ್ತು. ಎದುರಿಗೆ ವಿಮಾನ ಇದೆ ಅಂತ ಕಂಟ್ರೋಲರ್ ಎಚ್ಚರಿಕೆಯನ್ನೂ ಕೊಟ್ಟಿದ್ರು. ಕಜಕ್ ವಿಮಾನದಲ್ಲಿ ಟವರ್ ಜೊತೆ ಮಾತಾಡೋದು ಒಬ್ಬ ರೇಡಿಯೊ ಆಪರೇಟರ್ ಕೆಲಸ, ಹಾರಿಸೋದು ಇನ್ನೊಬ್ಬರ ಕೆಲಸ. ಆ ಆಪರೇಟರ್ ಮುಂದೆ ಎತ್ತರ ತೋರಿಸೋ ಮಾಪಕವೇ ಇರಲಿಲ್ಲ, ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡಬೇಕಿತ್ತು. ವಿಮಾನ 15,000 ಬಿಟ್ಟು ಕೆಳಗಿಳೀತು. ದೆಹಲಿಯ ರೇಡಾರ್‌ಗೆ ಆಗ ಎತ್ತರ ತೋರಿಸೋ ಶಕ್ತಿ ಇರಲಿಲ್ಲ. ಎರಡೂ ಡಿಕ್ಕಿಯಾದ್ವು. 349 ಜನ, ಒಬ್ಬರೂ ಉಳೀಲಿಲ್ಲ. ಲಾಹೋಟಿ ಆಯೋಗ ತನಿಖೆ ಮಾಡ್ತು. ಆಮೇಲೆ ನಮ್ಮ ದೇಶಕ್ಕೆ ಬರೋ ಹೋಗೋ ದೊಡ್ಡ ವಿಮಾನಗಳಿಗೆ ಟಿಕ್ಯಾಸ್ ಕಡ್ಡಾಯ ಆಯ್ತು, ಭಾಷೆಯ ಪರೀಕ್ಷೆ ಜಗತ್ತಿಗೆಲ್ಲ ಬಂತು. ಆರು ಹಂತದಲ್ಲಿ ನಾಲ್ಕನೆಯದಾದರೂ ದಾಟಿರಬೇಕು ಅನ್ನೋ ನಿಯಮ ನೀನು ಓದಿದ್ದೀಯಲ್ಲ, ಅದು ಬಂದ ದಾರಿ ಇದು.

ಹುಡುಗಿ: ನನ್ನ ಇಂಗ್ಲಿಷ್ ಬಗ್ಗೆ ನನಗೆ ಭಯ ಇಲ್ಲ. ಬೇರೆ ಭಯ ಇದೆ. ನೀವು ಟೆನೆರೀಫ್‌ನ ಆ ಎಂಜಿನಿಯರ್ ವಿಷಯ ಹೇಳಿದ್ರಲ್ಲ. ನಾನು ಅವರ ಜಾಗದಲ್ಲಿದ್ದಿದ್ರೂ ಸುಮ್ಮನಾಗ್ತಿದ್ದೆ ಅನ್ನಿಸತ್ತೆ. ದೊಡ್ಡವರಿಗೆ ಎದುರು ಮಾತಾಡಬಾರದು ಅಂತ ನಮ್ಮನ್ನೆಲ್ಲ ಬೆಳೆಸಿರೋದೇ ಹಾಗೆ.

ಮಾಮ: ನಿನ್ನ ಭಯ ಸರಿಯಾದ ಜಾಗದಲ್ಲೇ ಇದೆ. ಮಂಗಳೂರಿನದ್ದು ಓದಿದ್ದೀಯಾ?

ಹುಡುಗಿ: 2010ರ ಮೇ 22, ಏರ್ ಇಂಡಿಯಾ ಎಕ್ಸ್‌ಪ್ರೆಸ್, ದುಬೈಯಿಂದ ಬರ್ತಿದ್ದದ್ದು. 158 ಜನ ಹೋದ್ರು, ಎಂಟು ಜನ ಉಳಿದ್ರು.

ಮಾಮ: ಕರಾವಳಿಯಲ್ಲೂ ಕಾಸರಗೋಡಿನಲ್ಲೂ ಎಷ್ಟು ಮನೆಗಳಲ್ಲಿ ದುಡಿಯೋ ಕೈ ಹೋಯ್ತು ಅವತ್ತು. ಏರ್ ಮಾರ್ಷಲ್ ಗೋಖಲೆ ಅವರ ತನಿಖಾ ವರದಿಯನ್ನು ನೀನು ಪೂರ್ತಿ ಓದಬೇಕು. ಶುರುವಾಗೋದು ರೇಡಾರ್‌ನಿಂದ. ಮಂಗಳೂರಿನ ರೇಡಾರ್ ಎರಡು ದಿನದ ಹಿಂದೆ, ಮೇ 20ಕ್ಕೆ ಕೆಟ್ಟಿತ್ತು. ಅದರಿಂದ ವಿಮಾನಕ್ಕೆ ಇಳಿಯೋ ಅಪ್ಪಣೆ ಮಾಮೂಲಿಗಿಂತ ತಡವಾಗಿ, ನಿಲ್ದಾಣಕ್ಕೆ ಹತ್ತಿರ ಬಂದ ಮೇಲೆ ಸಿಕ್ತು. ಕಾಕ್‌ಪಿಟ್‌ನವರು ಅದಕ್ಕೆ ತಕ್ಕ ಹಾಗೆ ಇಳಿಯೋ ಲೆಕ್ಕ ಹಾಕಲಿಲ್ಲ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದು ರೆಕಾರ್ಡರ್‌ನಲ್ಲಿ ಸಿಕ್ಕಿತ್ತು. ಹೀಗಾಗಿ ರನ್‌ವೇ ಹತ್ತಿರ ಬಂದಾಗ ವಿಮಾನ ಇರಬೇಕಾದ್ದಕ್ಕಿಂತ ತುಂಬ ಮೇಲಿತ್ತು. ಆಗ ಟವರ್ ಕೇಳ್ತು, ರನ್‌ವೇಗೆ ಇಳಿಸೋ ಐಎಲ್‌ಎಸ್ ದಾರಿ ಹಿಡಿದಿದ್ದೀರಾ ಅಂತ. ಕ್ಯಾಪ್ಟನ್ ಒತ್ತಾಯ ಮಾಡಿ, ಹೌದು ಅಂತ ಹೇಳು ಅಂದ್ರು. ಕೋ-ಪೈಲಟ್ ಹೌದು ಅಂದ್ರು.

ಹುಡುಗಿ: ಟವರ್‌ನಲ್ಲಿ ಕೂತವರಿಗೆ ಗೊತ್ತಾಗೋದು ಹೇಗೆ ಆಗ?

ಮಾಮ: ಆ ಒಂದು 'ಹೌದು' ಬಿಟ್ಟು ಅವರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ನಾನು ಆ ಜಾಗದಲ್ಲಿ ಕೂತಿದ್ದವನು, ಹೇಳ್ತೀನಿ ಕೇಳು. ಪೈಲಟ್ ಹೌದು ಅಂದ್ರೆ ಕಂಟ್ರೋಲರ್ ನಂಬ್ತಾನೆ, ನಂಬಲೇಬೇಕು, ನಂಬದೆ ಒಂದು ವಿಮಾನವನ್ನೂ ಇಳಿಸೋಕಾಗಲ್ಲ. ಆಮೇಲೆ ಕೋ-ಪೈಲಟ್ ಮೂರು ಸಲ 'ಗೋ ಅರೌಂಡ್' ಅಂದ್ರು, ಅಂದ್ರೆ ಇಳಿಯೋದು ಬಿಟ್ಟು ಮತ್ತೆ ಮೇಲೇರಿ ಅಂತ. ಯಂತ್ರವೂ ಮತ್ತೆ ಮತ್ತೆ ಎಚ್ಚರಿಸ್ತು. ಕ್ಯಾಪ್ಟನ್ ಕೇಳಲಿಲ್ಲ. 8033 ಅಡಿ ರನ್‌ವೇಯಲ್ಲಿ ಸುಮಾರು 5200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಮಂಗಳೂರಿನದ್ದು ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ, ಅದರ ತುದಿ ದಾಟಿದ್ರೆ ಏನಾಗತ್ತೆ ಅಂತ ನಿನಗೆ ಗೊತ್ತು.

ಹುಡುಗಿ: ಮೂರು ಸಲ ಹೇಳಿದ ಮೇಲೂ ಅವರು ಕಂಟ್ರೋಲ್ ಕೈಗೆ ತಗೊಳ್ಳಲಿಲ್ಲ ಯಾಕೆ?

ಮಾಮ: ಕೋ-ಪೈಲಟ್ ತಾನೇ ಗೋ ಅರೌಂಡ್ ಮಾಡಬಹುದಾ ಇಲ್ವಾ ಅನ್ನೋದರ ಬಗ್ಗೆ ಆಗಿನ ಸೂಚನೆಗಳಲ್ಲೇ ಗೊಂದಲ ಇತ್ತು, ಬಹುಶಃ ಅದಕ್ಕೇ ಅವರು ಹೇಳಿದ್ದಕ್ಕಷ್ಟೇ ನಿಂತರು ಅಂತ ವರದಿ ಹೇಳತ್ತೆ. ನಾನು ಆ ಹುಡುಗನನ್ನು ದೂರಲ್ಲ. ಪಕ್ಕದಲ್ಲಿ ಕೂತಿದ್ದವರಿಗೆ ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಿಸಿದ ಅನುಭವ. ಅಂಥವರ ಕೈಯಿಂದ ವಿಮಾನ ಕಿತ್ಕೋ ಅಂತ ಕಾಗದದಲ್ಲಿ ಸ್ಪಷ್ಟವಾಗಿ ಬರೆದು, ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಿಸಿ, ಹಾಗೆ ಮಾಡಿದ್ರೆ ಕೆಲಸಕ್ಕೆ ತೊಂದರೆ ಆಗಲ್ಲ ಅಂತ ಕಂಪನಿ ಭರವಸೆ ಕೊಡದೆ ಹೋದ್ರೆ, ಬರೀ ಧೈರ್ಯದ ಮೇಲೆ ಭಾರ ಹಾಕಿದ ಹಾಗಾಗತ್ತೆ. ಮನೆಯಲ್ಲಿ ನನಗೆ ನೀವು ತಾವು ಅಂತ ಗೌರವ ಕೊಡು, ನನಗೂ ಸಂತೋಷವೇ. ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್‌ಗೆ ಕೊಡೋ ಗೌರವ ಅಂದ್ರೆ, ಅವರಿಗೆ ಕಾಣದೇ ಇರೋದನ್ನು ಜೋರಾಗಿ ಹೇಳೋದು. ಟವರ್ ಕೇಳಿದ್ದಕ್ಕೆ ನಿಜವನ್ನೇ ಹೇಳೋದು. ಹೌದು ಅನ್ನು ಅಂತ ಅವರು ಕಣ್ಣು ಕೆಂಪು ಮಾಡಿದ್ರೂ, 'ನೆಗೆಟಿವ್' ಅಂತ ಹೇಳೋದು.

ಹುಡುಗಿ: ಹೇಳಬೇಕಾದ್ದನ್ನು ಸರಿಯಾದ ಪದದಲ್ಲಿ ಹೇಳಿ ಉಳಿದವರೂ ಇದ್ದಾರಲ್ಲ ಮಾಮ. 2025ರ ಜೂನ್‌ನಲ್ಲಿ ಗುವಾಹಟಿಯಿಂದ ಚೆನ್ನೈಗೆ ಹೊರಟಿದ್ದ ವಿಮಾನ, ಅಲ್ಲಿ ಇಳಿಯೋಕಾಗದೆ ನಮ್ಮೂರ ಕಡೆ ತಿರುಗಿತು. ಇಂಧನ ಕಡಿಮೆ ಅಂತ 'ಮೇಡೇ' ಹೇಳಿ ಬೆಂಗಳೂರಿನಲ್ಲಿ ಕ್ಷೇಮವಾಗಿ ಇಳೀತು.

ಮಾಮ: ಚೆನ್ನಾಗಿ ನೆನಪು ಮಾಡಿದೆ. 1990ರ ಜನವರಿ 25ರಂದು ನ್ಯೂಯಾರ್ಕ್ ಹತ್ತಿರ ಆವಿಯಾಂಕಾ 52 ಅನ್ನೋ ವಿಮಾನ ಅದೇ ಸ್ಥಿತಿಯಲ್ಲಿತ್ತು. ಕಾಯಿಸಿ ಕಾಯಿಸಿ ಇಂಧನ ಬರಿದಾಗ್ತಿತ್ತು. ಆದ್ಯತೆ ಕೊಡಿ ಅಂದ್ರು, ಇಂಧನ ಮುಗೀತಿದೆ ಅಂದ್ರು, ಆದರೆ ತುರ್ತುಸ್ಥಿತಿ ಅಂತ ಒಂದು ಸಲವೂ ಘೋಷಿಸಲಿಲ್ಲ. ಕಂಟ್ರೋಲರ್‌ಗಳಿಗೆ ಅದು ಎಲ್ಲರೂ ಹೇಳೋ ಮಾತಿನ ಹಾಗೆ ಕೇಳಿಸ್ತು. 73 ಜನ ಸತ್ತರು. 'ಮೇಡೇ' ಅಂದ್ರೆ ಆಮೇಲೆ ವಿವರಣೆ ಬರೆದುಕೊಡಬೇಕಾಗತ್ತೆ, ಲೆಕ್ಕ ಕೇಳ್ತಾರೆ ಅಂತ ಹಿಂಜರಿಯೋರು ಈಗಲೂ ಇದ್ದಾರೆ. ಬೆಂಗಳೂರಿಗೆ ಬಂದವರು ಹಿಂಜರಿಯದೆ ಹೇಳಿದ್ರು, ಹೇಳಿದ್ದಕ್ಕೆ ದಾರಿ ಬಿಟ್ಟುಕೊಟ್ಟರು. ಅವರು ಮಾಡಿದ್ದು ಸರಿ.

ಹುಡುಗಿ: ಬೆಂಗಳೂರಿನ ಆ ಎರಡು ಇಂಡಿಗೊ ವಿಮಾನದ ಘಟನೆಗೆ ವಾಪಸ್ ಬರ್ತೀನಿ. ಆಮೇಲೆ ಏನಾಯ್ತು?

ಮಾಮ: ನನಗೆ ಹೆಚ್ಚು ನೋವು ಕೊಟ್ಟಿದ್ದು ಅದೇ. ಆ ಘಟನೆಯನ್ನು ಯಾವ ಲಾಗ್‌ಬುಕ್‌ನಲ್ಲೂ ಬರೆದಿರಲಿಲ್ಲ. ವಿಮಾನ ನಿಲ್ದಾಣ ಪ್ರಾಧಿಕಾರ ಮೇಲಿನವರಿಗೆ ವರದಿಯನ್ನೂ ಕೊಟ್ಟಿರಲಿಲ್ಲ. ವಿಮಾನಯಾನ ನಿಯಂತ್ರಕ ಡಿಜಿಸಿಎ ಅದನ್ನು ಕೈಗೆತ್ತಿಕೊಂಡ ಮೇಲೇ ಊರಿಗೆ ಗೊತ್ತಾಗಿದ್ದು. ಆಮೇಲೆ ವಿಮಾನ ಅಪಘಾತ ತನಿಖಾ ಸಂಸ್ಥೆ ಎಎಐಬಿ ಅದನ್ನು ಗಂಭೀರ ಘಟನೆ ಅಂತ ತನಿಖೆ ಮಾಡ್ತು. ಅಂದ್ರೆ ಎರಡು ಸಲ ಮಾತು ತಪ್ಪಿತು. ಮೊದಲನೆಯ ಸಲ ಆ ಬೆಳಗ್ಗೆ, ಕೆಲಸದ ಒತ್ತಡದಲ್ಲಿ. ಎರಡನೆಯ ಸಲ ಎಲ್ಲ ತಣ್ಣಗಾದ ಮೇಲೆ. ಮೊದಲನೆಯದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಎರಡನೆಯದು ಕ್ಷಮಿಸೋ ಅಂಥದಲ್ಲ.

ಹುಡುಗಿ: ಬರೆದರೆ ಲೈಸೆನ್ಸ್ ಹೋಗತ್ತೆ ಅನ್ನೋ ಭಯ ಇರತ್ತೆ ಅಲ್ವಾ? ಯಾರಿಗೂ ಏನೂ ಆಗಿಲ್ಲ, ಸುಮ್ಮನಿದ್ದರಾಯ್ತು ಅನ್ನಿಸತ್ತೆ.

ಮಾಮ: ಏನೂ ಆಗದೆ ಇದ್ದದ್ದೇ ಮುಖ್ಯ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಹತ್ತಿರ ಟಿಡಬ್ಲ್ಯುಎ 514 ಬೆಟ್ಟಕ್ಕೆ ಬಡೀತು, 92 ಸಾವು. ಅಪ್ರೋಚ್‌ಗೆ ಅಪ್ಪಣೆ ಸಿಕ್ಕಿದೆ ಅಂದ್ರೆ ಎತ್ತರವನ್ನು ಕಂಟ್ರೋಲರ್ ನೋಡಿಕೊಳ್ತಾರೆ ಅಂತ ಪೈಲಟ್ ಅಂದುಕೊಂಡ್ರು, ಪೈಲಟ್ ನೋಡಿಕೊಳ್ತಾರೆ ಅಂತ ಕಂಟ್ರೋಲರ್ ಅಂದುಕೊಂಡ್ರು. ಅದಕ್ಕೂ ಆರು ವಾರ ಮುಂಚೆ ಅದೇ ಜಾಗದಲ್ಲಿ ಯುನೈಟೆಡ್‌ನ ಒಂದು ವಿಮಾನ ಅದೇ ತಪ್ಪು ತಿಳಿವಳಿಕೆಯಿಂದ ಕೂದಲೆಳೆ ಅಂತರದಲ್ಲಿ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಹೇಳಿಕೊಂಡಿತು. ಟಿಡಬ್ಲ್ಯುಎಯವರಿಗೆ ಗೊತ್ತಾಗೋ ದಾರಿಯೇ ಇರಲಿಲ್ಲ. ಅದರ ಮೇಲೇ 1976ರಲ್ಲಿ ಅಮೆರಿಕದಲ್ಲಿ ನಾಸಾ ಕೈಯಲ್ಲಿ ಒಂದು ವ್ಯವಸ್ಥೆ ಶುರುವಾಯ್ತು. ಪೈಲಟ್ ಆಗಲಿ ಕಂಟ್ರೋಲರ್ ಆಗಲಿ ಏನು ತಪ್ಪಿತು ಅಂತ ಬರೆದು ಕಳಿಸಬಹುದು, ಹೆಸರು ತೆಗೆದು ಉಳಿದದ್ದನ್ನು ಎಲ್ಲರಿಗೂ ಹಂಚ್ತಾರೆ. ಶಿಕ್ಷೆ ಕೊಡೋ ಇಲಾಖೆಯ ಕೈಗೆ ಅದನ್ನು ಕೊಡಲಿಲ್ಲ, ಅದೇ ಅದರ ಬಲ. ನಮ್ಮಲ್ಲೂ ಸ್ವಯಂಪ್ರೇರಿತ ವರದಿಗೆ ಅವಕಾಶ ಇದೆ. ಅದನ್ನು ಜನ ನಂಬಬೇಕು ಅಂದ್ರೆ, ತಾನಾಗಿ ಬಂದು ಹೇಳಿದವರ ಲೈಸೆನ್ಸಿಗೆ ಕೈ ಹಾಕೋದನ್ನು ಬಿಡಬೇಕು. ಮುಚ್ಚಿಟ್ಟವರನ್ನು ಮಾತ್ರ ಬಿಡಬಾರದು.

ಹುಡುಗಿ: ನಮ್ಮ ತರಗತಿಯಲ್ಲಿ ಟೆನೆರೀಫ್ ಇದೆ, ಬೆಂಗಳೂರು ಇಲ್ಲ.

ಮಾಮ: ಹಾಗಾದ್ರೆ ನೀನೇ ತಗೊಂಡು ಹೋಗು. ಮಂಗಳೂರಿನ ವರದಿ, ಬೆಂಗಳೂರಿನ ವರದಿ ಎರಡೂ ಸಾರ್ವಜನಿಕವಾಗಿ ಸಿಗ್ತವೆ. ಪರೀಕ್ಷೆಗೆ ಮುಂಚೆಯೇ ಓದು, ಜೊತೆಯವರಿಗೂ ಓದಿಸು, ಹೇಳಿಕೊಡೋರ ಮುಂದೆಯೂ ಇಡು. ನಾಳೆ ಕೆಲಸಕ್ಕೆ ಸೇರಿದ ಮೇಲೆ ನಿನ್ನ ಕಣ್ಣ ಮುಂದೆ ಇಂಥದ್ದೊಂದು ಕೂದಲೆಳೆಯಲ್ಲಿ ತಪ್ಪಿಹೋದ್ರೆ, ಯಾರಿಗೂ ಏನೂ ಆಗದೆ ಇದ್ರೂ, ಮನೆಗೆ ಹೋಗೋ ಮುಂಚೆ ಅವತ್ತೇ ಬರೆದು ಕೊಡು.